ಮೇಲೊಂದು ಮಹಡಿ ಏರಿಸುವ ಮುನ್ನ: ಆರ್ಕಿಟೆಕ್ಟ್ ಬೇಕೇ, ಎಂಜಿನಿಯರ್ ಸಾಕೇ?

ಮಹಡಿ ಏರಿಸಬೇಕು ಅನ್ನಿಸಿದಾಗ ನಮ್ಮಲ್ಲಿ ಮೊದಲು ಕರೆಸುವುದು ಮೇಸ್ತ್ರಿಯನ್ನು. ಅವರು ತಾರಸಿ ಹತ್ತಿ, ಪಿಲ್ಲರ್ ತಲೆಯಲ್ಲಿ ಬಿಟ್ಟಿರುವ ಕಂಬಿ ನೋಡಿ, ‘ಏನೂ ತೊಂದ್ರೆ ಇಲ್ಲ, ಏರಿಸ್ಬೋದು’ ಅನ್ನುತ್ತಾರೆ. ಆಮೇಲೆ ಮನೆಯಲ್ಲಿ ಚರ್ಚೆ ಶುರು: ಆರ್ಕಿಟೆಕ್ಟ್ ಹಿಡಿಯೋಣವೇ, ಸುಮ್ಮನೆ ದುಡ್ಡು ದಂಡವೇ? ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಅದಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ, ಕೆಳಗಿನ ಮನೆ ಮೇಲಿನದನ್ನು ಹೊರುತ್ತದೆಯೇ ಎಂಬುದು. ಅದು ಆರ್ಕಿಟೆಕ್ಟ್ ಹೇಳುವ ಮಾತೂ ಅಲ್ಲ, ಮೇಸ್ತ್ರಿ ಹೇಳುವ ಮಾತೂ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕಾದದ್ದು.

ಯಾರ ಕೆಲಸ ಯಾವುದು

ಆರ್ಕಿಟೆಕ್ಟ್ ನೋಡುವುದು ಜಾಗವನ್ನು: ಕೋಣೆ ಎಲ್ಲಿ, ಮೆಟ್ಟಿಲು ಎಲ್ಲಿ, ಬೆಳಕು ಗಾಳಿ ಯಾವ ಕಡೆಯಿಂದ, ಬಚ್ಚಲಿನ ಪೈಪು ಎಲ್ಲಿ ಇಳಿಯಬೇಕು, ಪಾಲಿಕೆಯ ನಿಯಮದೊಳಗೆ ಎಷ್ಟು ಕಟ್ಟಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ನೋಡುವುದು ಭಾರವನ್ನು: ಪಾಯ, ಪಿಲ್ಲರ್, ಬೀಮ್, ಕಂಬಿ. ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಮಾಡಿಕೊಂಡು ಪ್ಲ್ಯಾನ್ ಬರೆದು ಪಾಲಿಕೆಯಲ್ಲಿ ಪಾಸು ಮಾಡಿಸಿಕೊಡುವವರು ಮೂರನೆಯವರು. ಊರಿನಲ್ಲಿ ‘ಎಂಜಿನಿಯರ್’ ಎಂದರೆ ಸಾಮಾನ್ಯವಾಗಿ ಇವರೇ. ಇವರಲ್ಲಿ ಕೆಲವರಿಗೆ ಭಾರದ ಲೆಕ್ಕ ಚೆನ್ನಾಗಿ ಬರುತ್ತದೆ. ಕೆಲವರು ಹಿಂದಿನ ಮನೆಯ ಡ್ರಾಯಿಂಗ್‌ನಲ್ಲಿದ್ದ ಕಂಬಿಯನ್ನೇ ನಿಮ್ಮ ಮನೆಗೂ ಬರೆದುಕೊಡುತ್ತಾರೆ.

ಕಾನೂನಿನ ಮಾತು ಹೇಳುವುದಾದರೆ, 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ಆ ಕಾಯ್ದೆಯ 37ನೇ ಕಲಂ ಕಾಯುವುದು ಆ ಹೆಸರನ್ನು ಮಾತ್ರ, ವಿನ್ಯಾಸದ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಮನೆಯ ನಕ್ಷೆಯನ್ನು ಎಂಜಿನಿಯರ್ ಬರೆದರೆ ಆ ಕಾಯ್ದೆಯ ಅಡ್ಡಿಯಿಲ್ಲ. ನಿಮಗೆ ಆರ್ಕಿಟೆಕ್ಟ್ ಬೇಕೋ ಬೇಡವೋ ಎಂಬುದು ನಿಮ್ಮ ಮನೆ ಎಷ್ಟು ತೊಡಕಿನದು ಎಂಬುದರ ಮೇಲೆ ನಿಲ್ಲುತ್ತದೆ.

ಮೊದಲ ಹೆಜ್ಜೆ: ತೂಕ ಎಷ್ಟು ಬರುತ್ತದೆ ನೋಡಿ

20 ಅಡಿ ಅಗಲ, 40 ಅಡಿ ಉದ್ದ, ಅಂದರೆ 8 ಚದರದ ಒಂದು ಮಹಡಿ ಎಂದಿಟ್ಟುಕೊಳ್ಳಿ. ಅದು ಸುಮಾರು 74 ಚದರ ಮೀಟರ್. 5 ಇಂಚಿನ ಆರ್‌ಸಿಸಿ ಚಾವಣಿ ಚದರ ಮೀಟರಿಗೆ ಸುಮಾರು 315 ಕೆ.ಜಿ. ತೂಗುತ್ತದೆ, ಒಟ್ಟು 23 ಟನ್ನಿಗೂ ಹೆಚ್ಚು. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ 7 ಟನ್. ಜನ, ಮಂಚ, ಬೀರು ಇವಕ್ಕೆಲ್ಲ ವಾಸದ ಮನೆಗೆ ಹಿಡಿಯುವ ಲೆಕ್ಕ ಚದರ ಮೀಟರಿಗೆ 200 ಕೆ.ಜಿ., ಅದು 15 ಟನ್. ಹೊರಸುತ್ತಿನ 120 ಅಡಿ ಗೋಡೆಯನ್ನು 9 ಇಂಚಿನ ಇಟ್ಟಿಗೆಯಲ್ಲಿ ಕಟ್ಟಿದರೆ, ಬಾಗಿಲು ಕಿಟಕಿಗೆ ಐದನೇ ಒಂದು ಪಾಲು ಕಳೆದರೂ 40 ಟನ್. ಒಳಗಿನ ನಾಲ್ಕೂವರೆ ಇಂಚಿನ ಗೋಡೆಗಳಿಗೆ ಇನ್ನೊಂದು 10 ಟನ್. ಎಲ್ಲ ಕೂಡಿದರೆ ನೂರು ಟನ್ನಿಗೆ ಹತ್ತಿರ, ಚದರ ಮೀಟರಿಗೆ 1.3 ಟನ್. ಇದರ ಮೇಲೆ 1,000 ಲೀಟರಿನ ನೀರಿನ ಟ್ಯಾಂಕು ಇಟ್ಟರೆ ಅದೇ ಒಂದು ಟನ್.

ಈ ಭಾರ ಪಾಯಕ್ಕೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಒಂದು ನಡುಪಿಲ್ಲರ್ ಸಾಕು. ಅದು 10 ಅಡಿಗೆ 12 ಅಡಿ ಜಾಗದ ಭಾರ ಹೊರುತ್ತಿದ್ದರೆ ಒಂದು ಮಹಡಿಗೆ ಸುಮಾರು 14.5 ಟನ್. ಕೆಳಗಿನ ಫುಟಿಂಗ್ (ಪಿಲ್ಲರ್‌ನ ಭಾರವನ್ನು ಮಣ್ಣಿಗೆ ಹರಡುವ ಅಗಲ ತಳ) 4 ಅಡಿಗೆ 4 ಅಡಿ ಇದ್ದು, ಮಣ್ಣು ಚದರ ಮೀಟರಿಗೆ 15 ಟನ್ ತಡೆಯುವಂಥದ್ದಾದರೆ, ಆ ಫುಟಿಂಗ್ ಹೊರುವುದು 22 ಟನ್. ಒಂದು ಮಹಡಿಗೆ ಆರಾಮು, ಎರಡಾದರೆ 29 ಟನ್, ಸಾಲದು. 5 ಅಡಿಗೆ 5 ಅಡಿ ಇದ್ದಿದ್ದರೆ 34 ಟನ್ ತಡೆಯುತ್ತಿತ್ತು. ಮಣ್ಣಿನೊಳಗೆ ಹೂತಿರುವ ಈ ಒಂದಡಿ ವ್ಯತ್ಯಾಸ ತಾರಸಿಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಇವು ಕಣ್ಣಳತೆಯ ಲೆಕ್ಕಗಳು. ನಿಮ್ಮ ಮನೆಯ ಲೆಕ್ಕವನ್ನು ಎಂಜಿನಿಯರ್ ಬರೆದು ಸಹಿ ಹಾಕಿ ಕೊಡಬೇಕು.

ಭಾರ ಇಳಿಸುವ ದಾರಿಯೂ ಇಲ್ಲೇ ಕಾಣುತ್ತದೆ. ಹೊರಗೋಡೆಗೆ 6 ಇಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕ್) ಹಾಕಿದರೆ 40 ಟನ್ ಹೋಗಿ 13 ಟನ್ ಆಗುತ್ತದೆ. ಹಳೆ ತಾರಸಿಯಲ್ಲಿ ಮಳೆನೀರು ಹರಿಯಲು ಹಾಕಿದ್ದ ಇಳಿಜಾರು ಗಾರೆ ಸರಾಸರಿ 3 ಇಂಚು ಇದ್ದರೆ ಅದನ್ನು ಕಿತ್ತರೆ 11 ಟನ್ನಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಅದನ್ನು ಕೀಳದೆ ಅದರ ಮೇಲೆಯೇ ಗಾರೆ ಸುರಿದು ಟೈಲ್ಸ್ ಹಾಕುವುದು ಅತಿ ಸಾಮಾನ್ಯ ತಪ್ಪು.

ಎರಡನೇ ಹೆಜ್ಜೆ: ಹಳೆ ಮನೆಯನ್ನು ಪರೀಕ್ಷೆ ಮಾಡಿಸಿ

ಚಾವಣಿ ಯಾವುದು ಎಂಬುದರಿಂದ ಶುರು ಮಾಡಿ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ, ಉದ್ದುದ್ದ ಕಲ್ಲುಚಪ್ಪಡಿ ಹಾಸಿದ ಮನೆ, ಮಂಗಳೂರು ಹೆಂಚಿನ ಮನೆ ಇವುಗಳ ಚಾವಣಿಯ ಮೇಲೆ ನೇರವಾಗಿ ಮಹಡಿ ಏರಿಸುವ ಮಾತೇ ಇಲ್ಲ. ಚಾವಣಿ ತೆಗೆದು ಹೊಸ ಬೀಮು ಸ್ಲ್ಯಾಬು ಹಾಕಬೇಕು, ಇಲ್ಲವೆ ಹೊರಗಿನಿಂದ ಬೇರೆ ಪಿಲ್ಲರ್ ಎಬ್ಬಿಸಬೇಕು. ಇಂಥ ಮನೆಯಾದರೆ ಚರ್ಚೆ ಬೇಡ, ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಇಬ್ಬರೂ ಬೇಕು. ತೊಟ್ಟಿ ಮನೆಗೂ ಇದೇ ಮಾತು.

ಪಿಲ್ಲರ್ ಇಲ್ಲದೆ ಸೈಜುಗಲ್ಲಿನ ಪಾಯ, 9 ಇಂಚಿನ ಗೋಡೆ, ಮೇಲೆ ಆರ್‌ಸಿಸಿ ಇರುವ ಮನೆ ಇನ್ನೊಂದು ಬಗೆ. ಇಲ್ಲಿ ಗೋಡೆಯೇ ಭಾರ ಹೊರುತ್ತದೆ. ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಬೇಕು, ಕೆಳಗೆ ಹಾಲ್ ದೊಡ್ಡದು ಮಾಡಲು ಗೋಡೆ ಒಡೆಯುವಂತಿಲ್ಲ. ಈ ಮನೆಗಳಲ್ಲಿ ಒಂದು ಮಹಡಿ ಅನೇಕ ಸಲ ಸಾಧ್ಯ. ಆದರೆ ಕೋಣೆಗಳ ಜೋಡಣೆಯಲ್ಲಿ ನಿಮ್ಮ ಇಷ್ಟಕ್ಕೆ ಜಾಗ ಕಡಿಮೆ.

ಪಿಲ್ಲರ್ ಇರುವ ಆರ್‌ಸಿಸಿ ಮನೆಯಾದರೆ ಪರೀಕ್ಷೆ ಈ ಕ್ರಮದಲ್ಲಿ ನಡೆಯಲಿ.

ಹಳೆಯ ಸ್ಟ್ರಕ್ಚರಲ್ ಡ್ರಾಯಿಂಗ್ ಇದ್ದರೆ ಹುಡುಕಿ. ಪಾಲಿಕೆಯಲ್ಲಿ ಪಾಸಾದ ಪ್ಲ್ಯಾನ್ ಬೇರೆ, ಇದು ಬೇರೆ. ಇದರಲ್ಲಿ ಫುಟಿಂಗ್ ಅಳತೆ, ಪಿಲ್ಲರ್ ಕಂಬಿ, ಎಷ್ಟು ಮಹಡಿಗೆ ಲೆಕ್ಕ ಹಾಕಿದ್ದು ಎಂಬುದು ಇರುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಸಿಗದಿದ್ದರೆ ಒಂದು ಮೂಲೆಯ ಪಿಲ್ಲರ್, ಒಂದು ನಡುವಿನ ಪಿಲ್ಲರ್ ಪಕ್ಕ ಮೂರಡಿ ಅಗಲದ ಗುಂಡಿ ತೋಡಿಸಿ ಫುಟಿಂಗ್ ಅಳತೆ, ಆಳ, ಅಡಿಯ ಮಣ್ಣು ನೋಡಿಸಿ. ಒಂದು ಸಲಕ್ಕೆ ಒಂದೇ ಗುಂಡಿ. ಫುಟಿಂಗ್‌ನ ತಳಕ್ಕಿಂತ ಕೆಳಗೆ ಅಗೆಯಬಾರದು, ಅಗೆದರೆ ತಳದ ಮಣ್ಣು ಗುಂಡಿಗೆ ಜಾರುತ್ತದೆ. ಮುಚ್ಚುವಾಗ ಅರ್ಧ ಅಡಿಗೊಂದು ಪದರ ನೀರು ಹಾಕಿ ದಿಮ್ಮಸು ಹೊಡೆಸಿ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಈ ಹೆಜ್ಜೆ ಬಿಡಲೇಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಪಾಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಅಲ್ಲಿ ಎಲ್ಲಕ್ಕಿಂತ ಮುಖ್ಯ.

ಕಾಂಕ್ರೀಟಿನ ಗಟ್ಟಿತನಕ್ಕೆ ರೀಬೌಂಡ್ ಹ್ಯಾಮರ್ ಪರೀಕ್ಷೆ ಮಾಡುತ್ತಾರೆ. ಇದು ಮೇಲ್ಪದರವನ್ನು ಮಾತ್ರ ತಟ್ಟಿ ನೋಡುತ್ತದೆ. ಹಳೆಯ ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಡುಸಾಗುವುದರಿಂದ ಹ್ಯಾಮರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಕಾಂಕ್ರೀಟಿನೊಳಗೆ ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸೋನಿಕ್ ಪರೀಕ್ಷೆಯನ್ನೂ ಜೊತೆಗೆ ಕೇಳಿ. ಕಾಂಕ್ರೀಟಿನ ಒಂದು ಚೂರು ಕೆತ್ತಿ ಫಿನಾಲ್ಫ್ಥಲೀನ್ ದ್ರಾವಣ ಹಾಕುವುದು ಅಗ್ಗದ, ಆದರೆ ಬಹಳ ಹೇಳುವ ಪರೀಕ್ಷೆ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾಂಕ್ರೀಟಿನ ಕ್ಷಾರಗುಣ ಇನ್ನೂ ಉಳಿದಿದೆ. ಬಣ್ಣ ಬಾರದ ಪದರ ಕಂಬಿಯವರೆಗೂ ಮುಟ್ಟಿದ್ದರೆ ಒಳಗಿನ ಕಂಬಿಗೆ ತುಕ್ಕಿನಿಂದ ರಕ್ಷಣೆ ಹೋಗಿದೆ ಎಂದರ್ಥ.

ಕೊನೆಗೆ ಪಿಲ್ಲರ್ ತಲೆಯ ಕಂಬಿ. 12 ಮಿ.ಮೀ. ಕಂಬಿಗೆ ಹೊಸ ಕಂಬಿ ಜೋಡಿಸಲು ಎರಡಡಿಯಷ್ಟಾದರೂ ಉದ್ದ ಬೇಕು, 16 ಮಿ.ಮೀ. ಆದರೆ ಇನ್ನೂ ಹೆಚ್ಚು. ಹತ್ತು ವರ್ಷ ಮಳೆಯಲ್ಲಿ ನೆಂದ ಕಂಬಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕ್ಯಾಲಿಪರ್‌ನಲ್ಲಿ ಅಳೆಯಿರಿ. ತುಕ್ಕು ಪದರ ಪದರವಾಗಿ ಉದುರುತ್ತಿದ್ದರೆ ಅದನ್ನು ನಂಬುವಂತಿಲ್ಲ. ಪಿಲ್ಲರ್ ತಲೆಯನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಒಡೆದು ಉದ್ದ ಪಡೆಯಬೇಕು, ಅಥವಾ ರಂಧ್ರ ಕೊರೆದು ಎಪಾಕ್ಸಿ ಅಂಟಿನಲ್ಲಿ ಹೊಸ ಕಂಬಿ ನೆಡಬೇಕು. ರಂಧ್ರದ ಧೂಳನ್ನು ಪೂರ್ತಿ ಊದಿ ತೆಗೆಯದಿದ್ದರೆ ಅಂಟು ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ.

ಮೂರನೇ ಹೆಜ್ಜೆ: ಈಗ ಆರ್ಕಿಟೆಕ್ಟ್ ಪ್ರಶ್ನೆ

ಮನೆ ಹೊರುತ್ತದೆ ಎಂದಾಯಿತು. ಇನ್ನು ನಿಮ್ಮ ಪ್ಲ್ಯಾನ್ ಎಷ್ಟು ತೊಡಕಿನದು ನೋಡಬೇಕು. ಅದಕ್ಕೆ ಮೆಟ್ಟಿಲಿಗಿಂತ ಒಳ್ಳೆಯ ಅಳತೆಗೋಲಿಲ್ಲ.

10 ಅಡಿ ಎತ್ತರದ ಕೋಣೆ, ಮೇಲೆ 5 ಇಂಚು ಸ್ಲ್ಯಾಬ್ ಎಂದರೆ ಹತ್ತಬೇಕಾದ ಎತ್ತರ 125 ಇಂಚು. ಮೆಟ್ಟಿಲೊಂದಕ್ಕೆ ಆರೂವರೆ ಇಂಚು ಹಿಡಿದರೆ 19 ಮೆಟ್ಟಿಲು. 10 ಇಂಚು ಅಗಲದ ಪಾದ ಇಟ್ಟು ನಡುವೆ ಒಂದು ತಿರುವು ಕೊಟ್ಟರೆ, ಮೂರಡಿ ಅಗಲದ ಎರಡು ಸಾಲಿಗೆ ಸುಮಾರು ಆರೂವರೆ ಅಡಿ ಅಗಲ, ಹತ್ತೂವರೆ ಅಡಿ ಉದ್ದ ಬೇಕು. ಅಂದರೆ 68 ಚದರಡಿ, ಕೆಳಗೂ ಅಷ್ಟು, ಮೇಲೂ ಅಷ್ಟು. ಈ ಜಾಗವನ್ನು ಹಾಲ್‌ನಿಂದ ತೆಗೆಯುವುದೇ, ಹೊರಗೆ ಹಾಕಿದರೆ ಸೆಟ್‌ಬ್ಯಾಕ್ (ಮನೆಯ ಸುತ್ತ ನಿಯಮದಂತೆ ಬಿಡಬೇಕಾದ ಖಾಲಿ ಜಾಗ) ತಿನ್ನುತ್ತದೆಯೇ, ಹತ್ತಿ ನಿಂತಾಗ ತಲೆ ಬೀಮಿಗೆ ತಾಗುತ್ತದೆಯೇ, ಮೇಲಿನ ಮೂರು ಬಾಗಿಲಿಗೂ ಒಂದೇ ಚಿಕ್ಕ ಪಡಸಾಲೆಯಿಂದ ಹೋಗಬಹುದೇ? ಇದನ್ನು ಬಿಡಿಸಲು ಕುಳಿತರೆ ಆರ್ಕಿಟೆಕ್ಟ್ ಯಾಕೆ ಎಂಬುದು ತಾನಾಗಿ ತಿಳಿಯುತ್ತದೆ.

ಈ ಸಂದರ್ಭಗಳಲ್ಲಿ ಆರ್ಕಿಟೆಕ್ಟ್ ಹಿಡಿಯಿರಿ: ಮೆಟ್ಟಿಲು ಹೊಸದಾಗಿ ಬರಬೇಕು ಅಥವಾ ಜಾಗ ಬದಲಾಗಬೇಕು. ಮೇಲಿನದನ್ನು ಬಾಡಿಗೆಗೆ ಕೊಡಲು ಬೇರೆ ಬಾಗಿಲು, ಬೇರೆ ಮೀಟರ್ ಬೇಕು. 20-30 ಸೈಟಿನಲ್ಲಿ ಮೂರು ಕಡೆ ಪಕ್ಕದ ಮನೆಗಳ ಗೋಡೆ ನಿಂತು ಬೆಳಕಿಗೆ ರಸ್ತೆ ಕಡೆ ಮಾತ್ರ ದಾರಿ ಇದೆ. ಕೆಳಗಿನ ಮನೆಯ ಒಳಗೋಡೆಗಳೂ ಬದಲಾಗುತ್ತವೆ. ಮನೆಯಲ್ಲಿ ಗಾಲಿಕುರ್ಚಿಯವರಿದ್ದಾರೆ. ಅಣ್ಣತಮ್ಮಂದಿರು ಇನ್ನು ಐದಾರು ವರ್ಷದಲ್ಲಿ ಪಾಲಾಗುವ ಮನೆಯಾದರೂ ಅಷ್ಟೆ. ನಾಳೆ ಗೋಡೆ ಎಲ್ಲಿ ಎಬ್ಬಿಸಬೇಕು, ಎರಡನೇ ಅಡುಗೆಮನೆಗೆ ಪೈಪು ಎಲ್ಲಿ ಎಂಬುದನ್ನು ಇಂದೇ ನಕ್ಷೆಯಲ್ಲಿ ಇಡಬಹುದು.

ಬೇಡವಾದ ಕಡೆ ಹಿಡಿಯಬೇಡಿ. ಮೊದಲೇ ಎರಡು ಮಹಡಿಗೆ ಲೆಕ್ಕ ಹಾಕಿದ, ಮೆಟ್ಟಿಲು ಈಗಾಗಲೇ ಇರುವ, ಮೇಲೆ ಕೆಳಗಿನಂತೆಯೇ ಕೋಣೆ ಬರುವ ಮನೆಗೆ ಒಳ್ಳೆಯ ಎಂಜಿನಿಯರ್ ಸಾಕು. ತಾರಸಿಯಲ್ಲಿ ಒಂದೇ ಕೋಣೆ, ಸಿಟ್‌ಔಟ್‌ಗೆ ಗ್ರಿಲ್, ಬಟ್ಟೆ ಒಣಗಿಸಲು ಶೀಟ್ ಹೊದಿಕೆ ಇವಕ್ಕೆ ಶುಲ್ಕ ಕೊಡುವುದು ವ್ಯರ್ಥ. ಆದರೆ ಶೀಟ್ ಹಾಕುವಾಗ ಗಾಳಿ ಮೇಲಕ್ಕೆ ಎಳೆಯುವ ಬಲ ಮರೆಯಬೇಡಿ. ಕಂಬದ ತಳದ ತಟ್ಟೆಯನ್ನು ಪ್ಯಾರಾಪೆಟ್ ಇಟ್ಟಿಗೆಗೆ ಬೋಲ್ಟ್ ಮಾಡಿದರೆ ಮುಂಗಾರಿನ ಮೊದಲ ಬಿರುಗಾಳಿಗೆ ಶೀಟು ಪಕ್ಕದವರ ಅಂಗಳದಲ್ಲಿ ಸಿಗುತ್ತದೆ.

ನಾಲ್ಕನೇ ಹೆಜ್ಜೆ: ಶುಲ್ಕದ ಲೆಕ್ಕ, ಮಧ್ಯದ ದಾರಿ

ಶುಲ್ಕವನ್ನು ಕಟ್ಟಡ ವೆಚ್ಚದ ಶೇಕಡಾವಾರು ಕೇಳುವವರಿದ್ದಾರೆ, ಚದರಡಿ ಲೆಕ್ಕದಲ್ಲಿ ಕೇಳುವವರೂ ಇದ್ದಾರೆ. 800 ಚದರಡಿಗೆ ಚದರಡಿಯೊಂದಕ್ಕೆ 2,200 ರೂಪಾಯಿ ಎಂದು ಹಿಡಿಯೋಣ, ವೆಚ್ಚ 17.6 ಲಕ್ಷ. ಶುಲ್ಕ ಶೇ. 6 ಆದರೆ 1,05,600 ರೂಪಾಯಿ. ಅವರು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಶೇ. 18 ಸೇರಿ ಸುಮಾರು 1.25 ಲಕ್ಷ. ಎದುರಿಗೆ ಇಡಬೇಕಾದ ಲೆಕ್ಕ: ಕೆಟ್ಟ ಜೋಡಣೆಯ ಮನೆಯಲ್ಲಿ ಓಡಾಟದ ದಾರಿಗೇ 60 ಚದರಡಿ ಹೆಚ್ಚು ಹೋದರೆ ಅದರ ಬೆಲೆ 1.32 ಲಕ್ಷ. ಜೋಡಣೆ ಸರಳವಾಗಿದ್ದು ಉಳಿಸಲು ಜಾಗವೇ ಇಲ್ಲದ ಮನೆಗೆ ಈ ಲಾಭ ಸಿಗುವುದಿಲ್ಲ.

ಹೆಚ್ಚಿನವರಿಗೆ ಒಗ್ಗುವುದು ಮಧ್ಯದ ದಾರಿ. ಆರ್ಕಿಟೆಕ್ಟ್‌ರಿಂದ ಪ್ಲ್ಯಾನ್, ಬಾಗಿಲು ಕಿಟಕಿ ಅಳತೆ, ಮೆಟ್ಟಿಲಿನ ವಿವರ, ಪೈಪು ಮತ್ತು ವಿದ್ಯುತ್ ಪಾಯಿಂಟ್‌ಗಳ ನಕ್ಷೆ ಇಷ್ಟನ್ನೇ ಒಂದು ನಿಗದಿತ ಮೊತ್ತಕ್ಕೆ ಮಾಡಿಸುವುದು. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಬೇರೆ ಶುಲ್ಕ. ಸೈಟ್‌ಗೆ ಬರುವ ಭೇಟಿಗೆ ಇಷ್ಟು ಎಂದು ಬೇರೆ. ಮುಂಭಾಗ ಚೆಂದ ಕಾಣುವ ಬಣ್ಣದ ತ್ರೀಡಿ ಚಿತ್ರಕ್ಕೆ ಮೊದಲು ಹಣ ಕೊಡಬೇಡಿ. ಅದರಿಂದ ಇಟ್ಟಿಗೆ ಇಡಲು ಬರುವುದಿಲ್ಲ. ಆ ಹಣದಲ್ಲಿ ಗುಂಡಿ ತೋಡಿಸಿ, ಹ್ಯಾಮರ್ ಪರೀಕ್ಷೆ ಮಾಡಿಸಿ.

ಐದನೇ ಹೆಜ್ಜೆ: ಆಯ್ಕೆ ಮತ್ತು ಕರಾರು

ಆರ್ಕಿಟೆಕ್ಟ್ ಎಂದವರ ನೋಂದಣಿ ಸಂಖ್ಯೆ ಕೇಳಿ. ಅದು ‘ಸಿಎ’ ಎಂದು ಶುರುವಾಗಿ ವರ್ಷ, ಕ್ರಮಸಂಖ್ಯೆ ಬರುತ್ತದೆ. ಕೌನ್ಸಿಲ್‌ನ ಜಾಲತಾಣದಲ್ಲಿ ಹಾಕಿ ನೋಡಿದರೆ ಚಾಲ್ತಿಯಲ್ಲಿದೆಯೇ ತಿಳಿಯುತ್ತದೆ. ಎಂಜಿನಿಯರ್ ಆದರೆ ನಿಮ್ಮ ಸ್ಥಳೀಯ ಸಂಸ್ಥೆಯ ಪರವಾನಗಿ ಇದೆಯೇ ನೋಡಿ. ಹೊಸ ಮನೆಗಳ ಫೋಟೊ ತೋರಿಸಿದರೆ ಸಾಲದು. ಹಳೆ ಮನೆ ಮೇಲೆ ಏರಿಸಿದ ಎರಡು ಕೆಲಸ ತೋರಿಸಿ ಎನ್ನಿ, ಹೋಗಿ ಆ ಮನೆಯವರನ್ನೇ ಮಾತಾಡಿಸಿ: ಹಳೆ ಹೊಸದು ಸೇರುವ ಕಡೆ ಬಿರುಕು ಬಂದಿದೆಯೇ, ಬಚ್ಚಲಿನ ಕೆಳಗೆ ಒದ್ದೆ ಇದೆಯೇ?

ಕರಾರು ಒಂದೆರಡು ಪುಟವಾದರೂ ಸರಿ, ಬರವಣಿಗೆಯಲ್ಲಿರಲಿ. ಯಾವ ಯಾವ ಡ್ರಾಯಿಂಗ್, ಎಷ್ಟು ಸಲ ತಿದ್ದುಪಡಿ ಉಚಿತ, ಎಷ್ಟು ಸೈಟ್ ಭೇಟಿ, ಪಾಲಿಕೆಯ ಶುಲ್ಕ ಯಾರದ್ದು, ನಡುವೆ ಬಿಟ್ಟರೆ ಎಷ್ಟು ಕೊಡಬೇಕು. ಹಣವನ್ನು ಹಂತಕ್ಕೆ ಕಟ್ಟಿ, ಕೊನೆಯ ಕಂತನ್ನು ಮೋಲ್ಡ್ ಹಾಕಿದ ಮೇಲಿನ ಭೇಟಿಯವರೆಗೆ ಉಳಿಸಿಕೊಳ್ಳಿ. ಆರ್ಕಿಟೆಕ್ಟ್‌ಗೆ ಕಂಟ್ರಾಕ್ಟರ್‌ನಿಂದ ಕಮಿಷನ್ ಹೋಗುವಂತಿದ್ದರೆ ನಿಮ್ಮ ಪರವಾಗಿ ಬಿಲ್ಲು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಕಂಟ್ರಾಕ್ಟರ್‌ನನ್ನು ನೀವೇ ಆರಿಸಿ, ಒಂದೇ ಡ್ರಾಯಿಂಗ್ ಕೊಟ್ಟು ಮೂವರಿಂದ ದರ ಕೇಳಿ. ‘ಪ್ಲ್ಯಾನ್ ಫ್ರೀ’ ಎನ್ನುವ ಕಂಟ್ರಾಕ್ಟರ್ ಅದರ ಬೆಲೆಯನ್ನು ಚದರದ ದರದಲ್ಲಿ ಸೇರಿಸಿರುತ್ತಾನೆ.

ಆರನೇ ಹೆಜ್ಜೆ: ಅನುಮತಿ

ಹೊಸ ಮಹಡಿಗೆ ಹೊಸ ಮಂಜೂರಾತಿ ಬೇಕು. ಕೆಳಮಹಡಿಗೆ ಸಿಕ್ಕ ಪ್ಲ್ಯಾನ್ ಸಾಲದು. ಬೆಂಗಳೂರಿನಲ್ಲಿ 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿರುವುದರಿಂದ ನಿಮ್ಮ ವಾರ್ಡು ಯಾವುದರ ಕೆಳಗೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಕ್ರಯಪತ್ರ, ಇ-ಖಾತಾ, ತೆರಿಗೆ ರಸೀದಿ, ಹಳೆ ಮಂಜೂರಾತಿ ಪ್ಲ್ಯಾನ್ ಕೈಯಲ್ಲಿರಲಿ. ಕೆಳಮಹಡಿಯನ್ನೇ ಸೆಟ್‌ಬ್ಯಾಕ್ ಮೀರಿ ಕಟ್ಟಿದ್ದರೆ ಅದನ್ನು ಆರ್ಕಿಟೆಕ್ಟ್‌ಗೆ ಮೊದಲ ದಿನವೇ ಹೇಳಿ, ಮುಚ್ಚಿಟ್ಟು ಪ್ರಯೋಜನವಿಲ್ಲ. ಸ್ವಾಧೀನ ಪ್ರಮಾಣಪತ್ರ (ಒ.ಸಿ., ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಕ್ಷೆ ಮೀರಿ ಕಟ್ಟುವುದು ಹಿಂದಿನಷ್ಟು ಸುಲಭದ ಆಟವಲ್ಲ.

ಮನೆ ಮುಂದೆ ವಿದ್ಯುತ್ ತಂತಿ ಇದ್ದರೆ ಮೊದಲು ಅಳೆಯಿರಿ. ಮನೆಗಳಿಗೆ ಹೋಗುವ ಸಾಮಾನ್ಯ ಲೈನ್ ಆಗಲಿ 11 ಕೆ.ವಿ. ಲೈನ್ ಆಗಲಿ, ಕಟ್ಟಡದ ಅತಿ ಹೊರಚಾಚಿನಿಂದ ಪಕ್ಕಕ್ಕೆ ಕನಿಷ್ಠ 1.2 ಮೀಟರ್ ದೂರವಿರಬೇಕು. ಕಟ್ಟಡದ ಮೇಲೆ ಹಾಯ್ದರೆ ಎತ್ತರದಲ್ಲಿ ಸಾಮಾನ್ಯ ಲೈನಿಗೆ 2.5 ಮೀಟರ್, 11 ಕೆ.ವಿ.ಗೆ 3.7 ಮೀಟರ್. ನೆಲಮಹಡಿಯಲ್ಲಿ ಲೆಕ್ಕಕ್ಕೇ ಬಾರದ ತಂತಿ ಮೊದಲ ಮಹಡಿಯ ಬಾಲ್ಕನಿಗೆ ಕೈಗೆಟುಕುತ್ತದೆ. ಸಜ್ಜಾ, ಬಾಲ್ಕನಿ ಸೇರಿಸಿ ಅಳೆಯಬೇಕು, ಗೋಡೆಯಿಂದಲ್ಲ.

ಏಳನೇ ಹೆಜ್ಜೆ: ಸೈಟ್‌ನಲ್ಲಿ ಕೆಡುವ ಜಾಗಗಳು

ಕೆಳಗೆ ಬೀಮ್ ಇಲ್ಲದ ಕಡೆ ಸ್ಲ್ಯಾಬ್ ಮೇಲೆಯೇ ಇಟ್ಟಿಗೆ ಗೋಡೆ ಎಬ್ಬಿಸುವುದು ಮೊದಲನೆಯದು. ವರ್ಷದೊಳಗೆ ಕೆಳಗಿನ ಕೋಣೆಯ ಸೂರಿನಲ್ಲಿ ಗೋಡೆಯ ನೇರಕ್ಕೆ ಗೆರೆ ಬೀಳುತ್ತದೆ. ಎರಡನೆಯದು ಬೀಮಿನ ನಡುವಿನಿಂದ ಹೊಸ ಪಿಲ್ಲರ್ ಎಬ್ಬಿಸುವುದು. ಆ ಬೀಮನ್ನು ಅಂಥ ಭಾರಕ್ಕೆ ಮಾಡಿಲ್ಲದಿದ್ದರೆ ಅದು ಬಾಗುತ್ತದೆ. ಮೂರನೆಯದು ಹಳೆ ಸ್ಲ್ಯಾಬಿನ ಅಂಚಿಗೆ ಬಾಲ್ಕನಿ ಅಂಟಿಸುವುದು. ಹೊರಚಾಚಿದ ಸ್ಲ್ಯಾಬನ್ನು ಹಿಡಿಯುವುದು ಅದರ ಮೇಲ್ಭಾಗದ ಕಂಬಿ, ಆ ಕಂಬಿ ಒಳಗಿನ ಸ್ಲ್ಯಾಬಿನೊಳಕ್ಕೂ ಉದ್ದ ಹೋಗಿರಬೇಕು. ಹಳೆ ಸ್ಲ್ಯಾಬಿನಲ್ಲಿ ಅದು ಇರುವುದಿಲ್ಲ. ಬಾಲ್ಕನಿ ಬೇಕೇ ಬೇಕೆಂದರೆ ಕೆಳಗಿನಿಂದ ಪಿಲ್ಲರ್ ತನ್ನಿ, ಇಲ್ಲವೆ ಹೊಸ ಮೇಲಿನ ಮೋಲ್ಡ್‌ನಲ್ಲಿ ಮಾಡಿಸಿ.

ಬಚ್ಚಲು, ಕಕ್ಕಸಿನ ಪೈಪಿಗೆ ಹಳೆ ಸ್ಲ್ಯಾಬ್ ತಗ್ಗಿಸಿರುವುದಿಲ್ಲ. ಸಾಧ್ಯವಾದಷ್ಟೂ ಕೆಳಗಿನ ಬಚ್ಚಲಿನ ಮೇಲೆಯೇ ಮೇಲಿನದು ಬರಲಿ, 4 ಇಂಚಿನ ಪೈಪು ನೇರ ಇಳಿಯುತ್ತದೆ. ಇಲ್ಲದಿದ್ದರೆ ನೆಲ 6ರಿಂದ 8 ಇಂಚು ಏರಿಸಿ, ತುಂಬಲು ಕಲ್ಲುಮಣ್ಣಿನ ಬದಲು ಹಗುರ ಬ್ಲಾಕ್ ಚೂರು ಬಳಸಿ. ಬೀಮ್ ಕೊರೆದು ಪೈಪು ಹಾಯಿಸುತ್ತೇನೆಂದು ಪ್ಲಂಬರ್ ಹೇಳಿದರೆ ಕೆಲಸ ನಿಲ್ಲಿಸಿ ಎಂಜಿನಿಯರ್‌ಗೆ ಫೋನ್ ಮಾಡಿ.

ಮಹಡಿಯ ಬದಲು ಪಕ್ಕಕ್ಕೆ ಕೋಣೆ ಸೇರಿಸುವವರು ಹಳೆ ಗೋಡೆಗೆ ಹೊಸ ಇಟ್ಟಿಗೆಯನ್ನು ಹಲ್ಲು ಬಿಟ್ಟು ಕೂರಿಸಬೇಡಿ. ಹಳೆ ಪಾಯ ಆಗಲೇ ಕೂತು ನೆಲೆಯಾಗಿದೆ, ಹೊಸದು ಇನ್ನೂ ಕೂರಬೇಕು. ಎರಡನ್ನೂ ಬಿಗಿದರೆ ಸೇರಿದ ಕಡೆ ಬಿರುಕು ಖಚಿತ. ಒಂದಿಂಚು ಸಂದು ಬಿಟ್ಟು, ಒಳಗೆ ಮೆತ್ತನೆಯ ಹಾಳೆ ತುಂಬಿ, ಹೊರಗೆ ಸೀಲೆಂಟ್ ಹಾಕಿ, ಮೇಲೆ ಪಟ್ಟಿ ಮುಚ್ಚಿ.

ಮೋಲ್ಡ್ ಹಾಕುವ ಹಿಂದಿನ ದಿನ ಎಂಜಿನಿಯರ್ ಬಂದು ಕಂಬಿ ನೋಡಲೇಬೇಕು. ಕಾಂಕ್ರೀಟ್ ಬಿದ್ದ ಮೇಲೆ ನೋಡಲು ಏನೂ ಉಳಿಯುವುದಿಲ್ಲ. ಸ್ಲ್ಯಾಬ್ ಕಂಬಿಯ ಅಡಿಗೆ 20 ಮಿ.ಮೀ., ಪಿಲ್ಲರ್‌ಗೆ 40 ಮಿ.ಮೀ. ಕವರ್ ಬ್ಲಾಕ್ (ಕಂಬಿಗೂ ಅಚ್ಚಿನ ಹಲಗೆಗೂ ನಡುವೆ ಅಂತರ ಇಡುವ ಬಿಲ್ಲೆ) ಇದೆಯೇ, ಮೇಲಿನ ಕಂಬಿ ಕೆಲಸದವರ ಕಾಲ್ತುಳಿತಕ್ಕೆ ಕೆಳಗೆ ಕೂತಿದೆಯೇ, ವಿದ್ಯುತ್ ಪೈಪುಗಳು ಒಂದೇ ಕಡೆ ಕಟ್ಟುಗಟ್ಟಲೆ ಸೇರಿವೆಯೇ ಎಂದು ನೋಡಿ ಪುಸ್ತಕದಲ್ಲಿ ಸಹಿ ಹಾಕಲಿ. ಫೋನಿನಲ್ಲಿ ಪ್ರತಿ ಬೀಮ್, ಪ್ರತಿ ಪಿಲ್ಲರ್‌ನ ಫೋಟೊ ಅಳತೆಪಟ್ಟಿ ಇಟ್ಟು ತೆಗೆಯಿರಿ. ಆಮೇಲೆ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ ನೀರು ಕಟ್ಟಿ. ಸಾಮಾನ್ಯ (ಒಪಿಸಿ) ಸಿಮೆಂಟಾದರೆ 15 ಅಡಿವರೆಗಿನ ಸ್ಲ್ಯಾಬಿನ ಊರೆ (ಕೆಳಗೆ ಕೊಟ್ಟ ಆಸರೆ) ಕನಿಷ್ಠ 7 ದಿನ, ಅದಕ್ಕಿಂತ ಉದ್ದದ್ದು 14 ದಿನ, 20 ಅಡಿವರೆಗಿನ ಬೀಮಿನದು 14 ದಿನ ಇರಲಿ. ಪಿಪಿಸಿ ಆದರೆ ಇನ್ನೂ ಕೆಲವು ದಿನ ಹೆಚ್ಚು. ಸೆಂಟ್ರಿಂಗ್‌ನವನು ಇನ್ನೊಂದು ಸೈಟಿಗೆ ಸಾಮಾನು ಬೇಕೆಂದು ಐದನೇ ದಿನ ಬರುತ್ತಾನೆ. ದಿನಾಂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿರಿ.